ನಿಂತ ಗಾಡಿ



ಬೇಸಿಗೆ ಬಂದು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರು ಹಿಂದೆ ಸರಿಯಿತೆಂದರೆ ಶೆಟ್ಟಿಹಳ್ಳಿಯ ಹಳೆಯ ಜಪಸರ ಮಾತೆಯ ದೇವಾಲಯದ ಸುತ್ತ ವಾಹನಗಳು ಸೇರತೊಡಗುತ್ತವೆ. ಹಾಸನದಿಂದ ಬರುತ್ತಾರೆ, ಮೈಸೂರಿನಿಂದ ಬರುತ್ತಾರೆ, ಬೆಂಗಳೂರಿನಿಂದ ಬೆಳಗಿನ ಜಾವವೇ ಹೊರಟು ಬರುವವರೂ ಉಂಟು. ಬರುವವರಲ್ಲಿ ಭಕ್ತರಿಗಿಂತ ನೋಟಕರೇ ಹೆಚ್ಚು. ಚಾವಣಿಯಿಲ್ಲದ ಗೋಡೆಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಇವರ ಗಾಡಿಗಳ ನಡುವೆ ಒಮ್ಮೊಮ್ಮೆ ನೆಲಕ್ಕೆ ಅಂಟಿಕೊಂಡಂತಿರುವ ಎರಡು ಸೀಟಿನ ಸ್ಪೋರ್ಟ್ಸ್ ಕಾರೂ ಕಾಣಿಸುತ್ತದೆ. ಒಣಗಿದ ಹೂಳಿನ ದಾರಿಯಲ್ಲಿ ಅದು ಮೆಲ್ಲಮೆಲ್ಲನೆ ಬರುವುದನ್ನು ನೋಡಿದರೆ ಕನಿಕರವಾಗುತ್ತದೆ. ಒಂದು ಕಲ್ಲು ಎದ್ದು ನಿಂತಿದ್ದರೆ ಸಾಕು, ಕೆಳಗಿನ ಆಯಿಲ್ ಚೇಂಬರಿಗೆ ತಗಲುತ್ತದೆ. ಮಕ್ಕಳು ಹಿಂದೆ ಓಡುತ್ತಾರೆ. ಹಿರಿಯರು ಮಾತ್ರ ಒಂದು ಪ್ರಶ್ನೆ ಕೇಳುತ್ತಾರೆ: "ಇಬ್ಬರೇ ಕೂರೋ ಕಾರಿಗೆ ಅಷ್ಟೊಂದು ದುಡ್ಡು ಸುರಿಯೋದು ಪಾಪ ಅಲ್ವಾ ಸ್ವಾಮಿ?"

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ನುಸಿ ಹಿಡಿಯುವ, ತುಕ್ಕು ತಿನ್ನುವ ಜಾಗದಲ್ಲಿ ಸಂಪತ್ತು ಕೂಡಿಡಬೇಡಿರೆಂದು ಪ್ರಭು ಯೇಸುವೇ ಬೆಟ್ಟದ ಮೇಲಿನ ಬೋಧನೆಯಲ್ಲಿ ಎಚ್ಚರಿಸಿದ್ದಾರೆ. ತುಕ್ಕಿನ ವಿಷಯ ಕಾರು ಇಟ್ಟುಕೊಂಡವರಿಗೆ ಬೇರೆ ಹೇಳಬೇಕಾಗಿಲ್ಲ. 2007ರಲ್ಲಿ ವತಿಕಾನ್ ರಸ್ತೆ ಸಂಚಾರದ ಬಗ್ಗೆ ಒಂದು ಮಾರ್ಗದರ್ಶಿ ಪತ್ರವನ್ನು ಹೊರಡಿಸಿ, ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ವಾಹನವು ದರ್ಪ ತೋರಿಸುವ ಸಾಧನವಾಗಬಾರದು, ಪಾಪಕ್ಕೆ ಆಸ್ಪದವಾಗಬಾರದು ಎಂಬುದು ಅವುಗಳಲ್ಲೊಂದು. ಜಗದ್ಗುರು ಫ್ರಾನ್ಸಿಸರು ಇದನ್ನು ಮಾಡಿಯೇ ತೋರಿಸಿದರು. 2017ರ ನವೆಂಬರಿನಲ್ಲಿ ಲಂಬೋರ್ಗಿನಿ ಕಂಪನಿಯವರು ಅವರಿಗೆ ಹುರಾಕಾನ್ ಎಂಬ ಸ್ಪೋರ್ಟ್ಸ್ ಕಾರನ್ನು ಕಾಣಿಕೆಯಾಗಿ ಕೊಟ್ಟರು. ಅವರು ಅದನ್ನು ಆಶೀರ್ವದಿಸಿ, ಮೇಲೆ ತಮ್ಮ ಸಹಿ ಹಾಕಿ, ಹರಾಜಿಗೆ ಕಳುಹಿಸಿಬಿಟ್ಟರು. ಇರಾಕಿನ ನಿನೆವೆ ಬಯಲಿನಲ್ಲಿ ಮನೆಮಠ ಕಳೆದುಕೊಂಡಿದ್ದ ಕ್ರೈಸ್ತರಿಗೂ ಇತರ ಸೇವಾಕಾರ್ಯಗಳಿಗೂ ಆ ಹಣ ಮೀಸಲಾಯಿತು. ಅದೇ ಜಗದ್ಗುರುಗಳು 2013ರಲ್ಲಿ ಇಟಲಿಯ ವೆರೋನಾದ ಒಬ್ಬ ವಯಸ್ಸಾದ ಗುರುಗಳು ಕೊಟ್ಟ ಇನ್ನೊಂದು ಕಾರನ್ನು ಮನಸಾರೆ ಸ್ವೀಕರಿಸಿದ್ದರು. ಅದು 1984ರ ರೆನೋ 4. ಆಗಲೇ ಮೂರು ಲಕ್ಷ ಕಿಲೋಮೀಟರ್ ಓಡಿತ್ತು. ಬಡವರ ಕೇರಿಗಳಲ್ಲಿ ಸೇವೆಗಾಗಿ ಓಡಿದ ಗಾಡಿ. ಅಷ್ಟು ವರ್ಷ ಅದು ಓಡಬೇಕಾದರೆ ಯಾರೋ ಅದನ್ನು ಜೋಪಾನ ಮಾಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಜೋಪಾನ.

ಆದುದರಿಂದ ಕಾರು ಇಟ್ಟುಕೊಳ್ಳುವುದು ಪಾಪವೇ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡೋಣ. ಅಂಥ ಕಾರನ್ನು ನೋಡಿಕೊಳ್ಳುವವನು ಏನೇನು ಮಾಡುತ್ತಾನೆ ಎಂದು ತಿಳಿಯೋಣ. ಅದರಲ್ಲಿ ನಮಗೆ ಕಲಿಯುವುದಿದೆ.

ಇಟಲಿ, ಜರ್ಮನಿಯ ಕಾರುಗಳ ಮಾತು ಬೇಡ. ನಮ್ಮ ಬೆಂಗಳೂರಿನದೇ ಒಂದಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆ 'ಸ್ಯಾನ್ ಸ್ಟಾರ್ಮ್' ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಎರಡೇ ಸೀಟು, ಮೇಲಿನ ಹೊದಿಕೆ ತೆಗೆದರೆ ಆಕಾಶ, ಮೈಯೆಲ್ಲ ಫೈಬರ್. ಒಳಗಿನ ಇಂಜಿನ್ ಮಾತ್ರ ಫ್ರಾನ್ಸಿನ ರೆನೋ ಕಂಪನಿಯದು, 1149 ಸಿ.ಸಿ. ಯೂರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಎಂಬ ಸಣ್ಣ ಕಾರುಗಳಿಗೆ ಇದ್ದದ್ದೂ ಅದೇ ಇಂಜಿನ್. ಶೆಟ್ಟಿಹಳ್ಳಿಯ ದೇವಾಲಯವನ್ನು 1860ರ ಸುಮಾರಿಗೆ ಕಟ್ಟಿದವರೂ ಫ್ರಾನ್ಸಿನಿಂದ ಬಂದ ಗುರುಗಳೇ. ಈ ಹೋಲಿಕೆಗೆ ದೊಡ್ಡ ಅರ್ಥ ಹಚ್ಚಬೇಕಾಗಿಲ್ಲ, ಸುಮ್ಮನೆ ನೆನಪಾಯಿತು.

ಆ ಕಾರು ಹೊರಬಂದದ್ದು ಕಡಿಮೆ. ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಈಗ ಅದನ್ನು ಇಟ್ಟುಕೊಂಡವರಿಗೆ ಬಿಡಿಭಾಗ ಹುಡುಕುವುದೇ ಒಂದು ತಪಸ್ಸು. ಮಾರುತಿ ಕಾರಿನ ಬ್ರೇಕ್ ಪ್ಯಾಡು ಹೊಳೆನರಸೀಪುರದಲ್ಲೂ ಸಿಗುತ್ತದೆ, ಚನ್ನರಾಯಪಟ್ಟಣದಲ್ಲೂ ಸಿಗುತ್ತದೆ. ಇದಕ್ಕೆ ಹಾಗಲ್ಲ. ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಬೇಕು. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಅಲ್ಲಿಯೂ ಸಿಗದಿದ್ದರೆ ಲೇತ್ ಅಂಗಡಿಯವನ ಮುಂದೆ ಹಳೆಯ ತುಂಡನ್ನು ಇಟ್ಟು, ಅಳತೆ ಕೊಟ್ಟು, ಹೊಸದು ಮಾಡಿಸಬೇಕು. ವಿಚಿತ್ರವೆಂದರೆ, ಒಳಗಿನ ಇಂಜಿನ್‌ನ ಭಾಗಗಳು ಹೊರಗಿನವಕ್ಕಿಂತ ಸುಲಭ. ಅದೇ ಇಂಜಿನ್ ಹೊರದೇಶಗಳಲ್ಲಿ ಬೇಕಾದಷ್ಟು ಕಾರುಗಳಲ್ಲಿ ಇದ್ದುದರಿಂದ, ಪಾರ್ಟ್ ನಂಬರು ಗೊತ್ತಿದ್ದರೆ ಬೆಲ್ಟು, ಸೀಲು, ಗ್ಯಾಸ್ಕೆಟ್ಟು ತರಿಸಬಹುದು. ಹೊರಗಿನದು ಕಷ್ಟ. ಮುಂದಿನ ಗಾಜು, ಬಾಗಿಲಿನ ರಬ್ಬರ್ ಬೀಡಿಂಗು, ಮೇಲಿನ ಹೊದಿಕೆ ಇವು ಆ ಕಾರಿಗಷ್ಟೇ ಹೊಂದುವಂಥವು. ಸಣ್ಣ ತಯಾರಕರು ದೀಪ, ಹಿಡಿಕೆ, ಸ್ವಿಚ್ಚುಗಳನ್ನು ಬೇರೆ ಕಾರುಗಳಿಂದ ತೆಗೆದು ಬಳಸುವುದು ವಾಡಿಕೆ. ಯಾವುದು ಯಾವ ಕಾರಿನದು ಎಂದು ಗುರುತು ಹಿಡಿಯುವವನೇ ಒಳ್ಳೆಯ ಮೆಕ್ಯಾನಿಕ್. ಬೆಳ್ಳಿ ನಾಣ್ಯ ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ, ಸಿಗುವ ತನಕ ಹುಡುಕಿದಳೆಂದು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವಲ್ಲ, ಆಕೆಯನ್ನು ನಿಜವಾಗಿ ಅರ್ಥ ಮಾಡಿಕೊಳ್ಳುವವರು ಇಂಥ ಕಾರಿನ ಮಾಲೀಕರು. ಸಿಕ್ಕ ಮೇಲೆ ಅವರೂ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುತ್ತಾರೆ!

ಇನ್ನು ಫೈಬರ್ ಮೈ. ಅದು ತುಕ್ಕು ಹಿಡಿಯುವುದಿಲ್ಲ. ಒಡೆದರೆ ಫೈಬರ್ ಹಾಸನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿ, ಉಜ್ಜಿ, ಬಣ್ಣ ಬಳಿದರೆ ಹೊಸದರಂತಾಗುತ್ತದೆ. ಪೂರ್ತಿ ಹೋದರೂ ಇನ್ನೊಂದು ಕಾರಿನಿಂದ ಅಚ್ಚು ತೆಗೆದು ಎರಕ ಹಾಕಬಹುದು. ಇದನ್ನು ಕೇಳಿದರೆ ಬಹಳ ಸುಖದ ಗಾಡಿ ಎನಿಸುತ್ತದೆ. ಆದರೆ ಫೈಬರ್ ಮೈಯ ಕಾರುಗಳಲ್ಲಿ ಭಾರ ಹೊರುವುದು ಸಾಮಾನ್ಯವಾಗಿ ಒಳಗಿರುವ ಉಕ್ಕು. ಮಳೆನೀರು ಎಲ್ಲೋ ಒಂದು ಸಂದಿನಲ್ಲಿ ಇಳಿದು ಆ ಉಕ್ಕನ್ನು ತಿನ್ನುತ್ತಿರುತ್ತದೆ, ಹೊರಗೆ ಬಣ್ಣ ಥಳಥಳಿಸುತ್ತಿರುತ್ತದೆ. ತಗಡಿನ ಕಾರಾದರೆ ತುಕ್ಕು ಬಣ್ಣವನ್ನು ಉಬ್ಬಿಸಿ, ನಾನಿದ್ದೇನೆ ಎಂದು ಹೇಳುತ್ತದೆ. ಫೈಬರ್ ಹೇಳುವುದಿಲ್ಲ. ಗಾಡಿಯನ್ನು ಎತ್ತಿ, ಕೆಳಗೆ ಮಲಗಿ, ಟಾರ್ಚು ಹಾಕಿ, ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಬೇಕು. ಹೊರಗೆ ಸುಣ್ಣ ಬಳಿದು ಒಳಗೆ ಎಲುಬು ತುಂಬಿದ ಸಮಾಧಿಗಳೆಂದು ಪ್ರಭು ಫರಿಸಾಯರನ್ನು ಗದರಿಸಿದ್ದು ನಿಮಗೆ ನೆನಪಾಗುತ್ತಿರಬಹುದು. ನನಗೆ ನೆನಪಾಗುವುದು ಫರಿಸಾಯರಲ್ಲ, ನಮ್ಮ ಕೆಲವು ಒಳ್ಳೆಯ ಕುಟುಂಬಗಳು. ಭಾನುವಾರ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಳಗೆ ಎಷ್ಟು ತಿಂದಿದೆಯೆಂದು ಮಲಗಿ ನೋಡಿದವರಿಗೇ ಗೊತ್ತು.

ಇಷ್ಟಾದರೂ ಗಾಡಿ ಹಾಳಾಗುವುದು ಓಡಿ ಓಡಿ ಎಂದು ನಾವು ತಿಳಿದಿದ್ದೇವೆ. ಮೆಕ್ಯಾನಿಕ್ಕುಗಳನ್ನು ಕೇಳಿ ನೋಡಿ. ಇಂಥ ಕಾರುಗಳು ಬಹುಪಾಲು ಹಾಳಾಗುವುದು ನಿಂತು. ವರ್ಷಕ್ಕೆ ನಾಲ್ಕು ದಿನ ಹೊರಗೆ ತೆಗೆದು, ಉಳಿದ ದಿನ ಹೊದಿಕೆ ಹೊದಿಸಿ ಇಟ್ಟ ಕಾರಿನಲ್ಲಿ ಬ್ಯಾಟರಿ ಇಳಿಯುತ್ತದೆ. ಟೈರು ನೆಲಕ್ಕೆ ಒತ್ತಿದ ಕಡೆ ಚಪ್ಪಟೆಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಕ್ಷೇಮ. ಪೆಟ್ರೋಲು ಹಳಸಿ ಅಂಟಾಗುತ್ತದೆ. ಈಗಂತೂ ನಮ್ಮ ದೇಶದ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುತ್ತಾರೆ. ಅದು ನೀರನ್ನು ಸೆಳೆಯುವ ಗುಣದ್ದು. ಹಳೆಯ ಕಾರಿನ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲವಾದ್ದರಿಂದ ಆಗಾಗ ಮುಟ್ಟಿ ನೋಡಬೇಕು. ಟೈಮಿಂಗ್ ಬೆಲ್ಟಿಗೆ ಕಿಲೋಮೀಟರಿನ ಲೆಕ್ಕ ಒಂದಾದರೆ ವರ್ಷದ ಲೆಕ್ಕ ಇನ್ನೊಂದು. ಓಡದಿದ್ದರೂ ರಬ್ಬರ್ ಹಳತಾಗುತ್ತದೆ, ತುಂಡಾದರೆ ಹಲವು ಇಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಗುತ್ತದೆ. ಇವೆಲ್ಲದರ ಮೇಲೆ ಇಲಿ. ನಿಂತ ಗಾಡಿಯ ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರುಗಳನ್ನು ಕಡಿಯುತ್ತದೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಒಬ್ಬ ಯುವಕ. ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮನೆತನಗಳಲ್ಲಿ ಒಂದರ ಮೊಮ್ಮಗ. ಬೆಂಗಳೂರಿನಲ್ಲಿ ಕೆಲಸ. ಅಂಥದೇ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೈ ಬದಲಾದ ಮೇಲೆ ಕೊಂಡು, ನಾಲ್ಕು ವರ್ಷದಿಂದ ತಾನೇ ರಿಪೇರಿ ಮಾಡುತ್ತಿದ್ದಾನೆ. ಒಂದು ದಿನ ಹೆಂಡತಿಯೊಂದಿಗೆ ಗುರುಮನೆಗೆ ಬಂದ. ಪಾಪನಿವೇದನೆಗಾಗಿ ಬಂದವರಲ್ಲ, ಜಗಲಿಯಲ್ಲಿ ಕೂತು ಆಡಿದ ಮಾತು. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಬೇರೆಯಾಗುವ ನಿರ್ಧಾರಕ್ಕೆ ಬಂದು, ಹಿರಿಯರ ಒತ್ತಾಯಕ್ಕೆ ಒಂದು ಸಲ ಗುರುಗಳನ್ನು ನೋಡೋಣವೆಂದು ಬಂದಿದ್ದರು. ಹೊಡೆತವಿಲ್ಲ, ಕುಡಿತವಿಲ್ಲ, ಬೇರೆ ಸಂಬಂಧಗಳಿಲ್ಲ. ಏನು ತೊಂದರೆ ಎಂದರೆ ಇಬ್ಬರೂ ಸುಮ್ಮನಿದ್ದರು. ಬಹಳ ಹೊತ್ತಿನ ಮೇಲೆ ಆ ಹೆಣ್ಣುಮಗಳು ಹೇಳಿದಳು: "ಗಾಡಿ ಸದ್ದು ಒಂಚೂರು ಬದಲಾದ್ರೆ ಇವರಿಗೆ ರಾತ್ರಿ ನಿದ್ದೆ ಬರಲ್ಲ ಫಾದರ್. ನನ್ನ ಧ್ವನಿ ಬದಲಾಗಿ ಎಂಟು ತಿಂಗಳಾಯ್ತು. ಇವರಿಗೆ ಕೇಳಿಸೇ ಇಲ್ಲ."

ಎಂಟು ತಿಂಗಳ ಹಿಂದೆ ಅವಳ ತಾಯಿ ತೀರಿಕೊಂಡಿದ್ದರು. ಅವನು ಮಣ್ಣಿಗೆ ಬಂದಿದ್ದ, ಖರ್ಚನ್ನೆಲ್ಲ ನೋಡಿಕೊಂಡಿದ್ದ, ಏಳನೆಯ ದಿನದ ಪೂಜೆಗೂ ನಿಂತಿದ್ದ. ಎಂಟನೆಯ ದಿನ ಗ್ಯಾರೇಜಿಗೆ ಹೋದ. ಅವಳೂ ಏನೂ ಹೇಳಲಿಲ್ಲ. ಹೇಳದೆಯೇ ತಿಳಿಯಬೇಕಿತ್ತು ಎಂದು ಅವಳು. ಹೇಳಿದ್ದರೆ ಕೇಳುತ್ತಿರಲಿಲ್ಲವೇ ಎಂದು ಅವನು. ಯಾರ ಕಡೆ ನ್ಯಾಯವಿದೆ ಎಂದು ತೂಗುವುದಕ್ಕೆ ನಾನು ಹೋಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆ ಮಾತಿನಲ್ಲಿ ಅವಳದೇ ನ್ಯಾಯ. ಆದರೆ ನ್ಯಾಯ ಗೆದ್ದು ಮನೆ ಸೋತ ದಾಂಪತ್ಯಗಳನ್ನು ನಾವೆಲ್ಲ ನೋಡಿದ್ದೇವೆ.

ಆಗ ನಾನು ಅವನನ್ನು ಬೇರೊಂದು ಪ್ರಶ್ನೆ ಕೇಳಿದೆ. "ಎಂಟು ತಿಂಗಳು ನಿಂತ ಗಾಡಿಯನ್ನು ಏನು ಮಾಡ್ತೀಯಪ್ಪ? ಕೀ ತಿರುಗಿಸ್ತೀಯಾ?" ಅವನ ಮುಖ ಅರಳಿತು, ಗೊತ್ತಿರುವ ವಿಷಯವಲ್ಲವೇ! "ಇಲ್ಲ ಫಾದರ್, ಕೀ ತಿರುಗಿಸಲೇಬಾರದು. ಮೊದಲು ಇಲಿ ಕಡಿದಿದೆಯಾ ನೋಡಬೇಕು. ಹಳೇ ಪೆಟ್ರೋಲು ಇಳಿಸಬೇಕು. ಪ್ಲಗ್ಗು ಬಿಚ್ಚಿ ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಕಾಯಬೇಕು. ಆಮೇಲೆ ಸ್ಪ್ಯಾನರು ಹಾಕಿ ಇಂಜಿನ್ನನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಬೇಕು. ಬಿಗಿದಿದ್ದರೆ ಬಲವಂತ ಮಾಡಬಾರದು. ಇನ್ನೂ ಎರಡು ಹನಿ ಬಿಟ್ಟು, ಮತ್ತೆ ಕಾಯಬೇಕು." ಅವನು ಹೇಳುತ್ತಾ ಹೇಳುತ್ತಾ ನಿಧಾನವಾದ, ಕೊನೆಗೆ ನಿಲ್ಲಿಸಿದ. ಅವನ ಹೆಂಡತಿ ನೆಲ ನೋಡುತ್ತಿದ್ದಳು. ನಾನು ಇದರ ಮೇಲೆ ಬೋಧನೆ ಮಾಡಲು ಹೋಗಲಿಲ್ಲ, ಅಗತ್ಯವಿರಲಿಲ್ಲ.

ಪ್ರಿಯರೇ, ನಮ್ಮಲ್ಲಿ ಬಹಳ ಮಂದಿ ನಿಂತುಹೋದ ಸಂಬಂಧಕ್ಕೆ ನೇರವಾಗಿ ಕೀ ತಿರುಗಿಸುತ್ತೇವೆ. ಕ್ರಿಸ್ತಜಯಂತಿಗೆ ಒಂದು ಸೀರೆ ತಂದು ಎಲ್ಲ ಸರಿಹೋಯಿತೆಂದುಕೊಳ್ಳುತ್ತೇವೆ. ಅಥವಾ "ಈಗಲೇ ಎಲ್ಲ ಮಾತಾಡಿ ಮುಗಿಸೋಣ" ಎಂದು ರಾತ್ರಿ ಹನ್ನೊಂದಕ್ಕೆ ಕೂತು ಹಳಸಿದ ಪೆಟ್ರೋಲಿಗೆ ಬೆಂಕಿ ಕೊಡುತ್ತೇವೆ. ಕೋಪವನ್ನು ಸೂರ್ಯಾಸ್ತದಾಚೆಗೆ ಒಯ್ಯಬಾರದೆಂದು ಸಂತ ಪೌಲರು ಎಫೆಸದವರಿಗೆ ಬರೆದದ್ದು ದಿನನಿತ್ಯದ ಜೋಪಾನದ ಮಾತು; ಪ್ರತಿ ಸಂಜೆ ಆಯಿಲ್ ಮಟ್ಟ ನೋಡಿದಂತೆ. ಆದರೆ ಇನ್ನೂರು ಸೂರ್ಯಾಸ್ತಗಳು ಈಗಾಗಲೇ ಆಗಿಹೋಗಿದ್ದರೆ? ಆಗ ಹನಿ ಹನಿಯಾಗಿ ಬಿಟ್ಟು ಕಾಯಬೇಕಾಗುತ್ತದೆ. ಆ ದಂಪತಿಗಳಿಗೆ ನಾನು ಸೂಚಿಸಿದ್ದು ಇಷ್ಟೇ: ವಾರದಲ್ಲಿ ಒಂದು ದಿನ ರಾತ್ರಿಯೂಟ ಇಬ್ಬರೇ ಕೂತು ಮಾಡಿ, ಆ ಹೊತ್ತಿನಲ್ಲಿ ಅವಳ ತಾಯಿಯ ಬಗ್ಗೆ ಅವಳು ಹೇಳಲಿ, ಅವನು ಉತ್ತರ ಕೊಡದೆ ಕೇಳಲಿ, ಊಟದ ಮುಂಚೆ ಒಂದು ದಶಕ ಜಪಸರ. ಬೇರೆಯಾಗುವ ಮಾತನ್ನು ಪಾಸ್ಕ ಹಬ್ಬದವರೆಗೆ ಎತ್ತಬೇಡಿ ಎಂದೂ ಕೇಳಿಕೊಂಡೆ. ಗ್ಯಾರೇಜು ಬಿಡು ಎಂದು ನಾನು ಹೇಳಲಿಲ್ಲ. ಕಿವಿಗೊಟ್ಟು ಕೇಳುವ ವಿದ್ಯೆಯನ್ನು ಅವನು ಕಲಿತದ್ದೇ ಅಲ್ಲಿ. ಅದನ್ನು ಮನೆಗೆ ತರಬೇಕಿತ್ತು, ಅಷ್ಟೆ. ಪಾಪನಿವೇದನೆಯ ವಿಷಯದಲ್ಲೂ ಈ ಮಾತು ಸಲ್ಲುತ್ತದೆ. "ದೊಡ್ಡ ಪಾಪ ಏನೂ ಮಾಡಿಲ್ಲ ಫಾದರ್, ಅದಕ್ಕೇ ಐದು ವರ್ಷದಿಂದ ಬಂದಿಲ್ಲ" ಎನ್ನುವವರನ್ನು ಕಂಡಾಗ ನನಗೆ ಹೊದಿಕೆ ಹೊದಿಸಿಟ್ಟ ಕಾರು ಕಣ್ಣಮುಂದೆ ಬರುತ್ತದೆ. ಅಪಘಾತವೇನೂ ಆಗಿಲ್ಲ, ನಿಜ.

ಈಗ ಮತ್ತೆ ಹಿನ್ನೀರಿನ ದಡಕ್ಕೆ ಹೋಗೋಣ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಶೆಟ್ಟಿಹಳ್ಳಿಯ ಜನ ಮನೆ, ಗದ್ದೆ, ಹಿರಿಯರ ಸಮಾಧಿ ಬಿಟ್ಟು ಮೇಲಕ್ಕೆ ಬಂದರು. ಅಂದಿನಿಂದ ಮಳೆಗಾಲದಲ್ಲಿ ದೇವಾಲಯ ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿಸಿಲಿನಲ್ಲಿ ನಿಲ್ಲುತ್ತದೆ, ಗೋಡೆಗಳು ತುಂಡು ತುಂಡಾಗಿ ಬೀಳುತ್ತಿವೆ. ನೀರೇ ಅದನ್ನು ಕೆಡವಿತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ನಿಜ ಎಂದು ನನ್ನ ಭಾವನೆ. ಜನರಿದ್ದಾಗ ಹೆಂಚು ಜಾರಿದರೆ ಏರಿಸುವ ಕೈ ಇತ್ತು, ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯುವ ಕೈ ಇತ್ತು, ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿ ಗಿಡವನ್ನು ಕೀಳುವ ಕೈ ಇತ್ತು. ಆ ಕೈಗಳು ಹೋದ ಮೇಲೆ ನೀರಿಗೆ ಕೆಲಸ ಸುಲಭವಾಯಿತು. ಹೋದ ಕೈಗಳಾದರೂ ಸುಮ್ಮನಿರಲಿಲ್ಲ. ಹೊಸ ಜಾಗದಲ್ಲಿ ಸಂಜೆಯ ಜಪಸರ ನಿಲ್ಲಲಿಲ್ಲ, ಮಕ್ಕಳಿಗೆ ಧರ್ಮೋಪದೇಶ ನಿಲ್ಲಲಿಲ್ಲ. ಈಗ ಆ ಮಕ್ಕಳ ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಮನೆಗಳಲ್ಲಿದ್ದಾರೆ. ಅವರ ಮನೆಗಳಲ್ಲಿ ಸಂಜೆ ದೀಪದ ಮುಂದೆ ಯಾರಾದರೂ ಕೂರುತ್ತಾರೆಯೇ? ನನ್ನ ಚಿಂತೆ ಇರುವುದು ಅಲ್ಲಿ, ಹಿನ್ನೀರಿನಲ್ಲಿ ಅಲ್ಲ.

ಇನ್ನೊಂದು ಸಂಗತಿ ಬಾಕಿಯಿದೆ. ತಯಾರಿಕೆ ನಿಂತ ಕಾರುಗಳ ಮಾಲೀಕರು ಒಬ್ಬರಿಗೊಬ್ಬರು ಪರಿಚಿತರು; ಬೇರೆ ದಾರಿಯೇ ಇಲ್ಲ. ಒಬ್ಬನ ಬಳಿ ಹೆಚ್ಚಾಗಿರುವ ದೀಪ ಇನ್ನೊಬ್ಬನಿಗೆ ಹೋಗುತ್ತದೆ. ಒಬ್ಬ ಮಾಡಿಸಿದ ಅಚ್ಚಿನಲ್ಲಿ ನಾಲ್ವರು ಬಂಪರು ಎರಕ ಹಾಕಿಸಿಕೊಳ್ಳುತ್ತಾರೆ. ದೇಹ ಒಂದು, ಅಂಗಗಳು ಹಲವು, ಒಂದು ಅಂಗಕ್ಕೆ ನೋವಾದರೆ ಎಲ್ಲಕ್ಕೂ ನೋವು ಎಂದು ಕೊರಿಂಥದವರಿಗೆ ಸಂತ ಪೌಲರು ಬರೆದದ್ದನ್ನು ಇವರು ಪ್ರಸಂಗ ಕೇಳದೆಯೇ ಪಾಲಿಸುತ್ತಿದ್ದಾರೆ. ಕೆಲವೊಮ್ಮೆ ಇದಕ್ಕಿಂತ ಮುಂದೆ ಹೋಗಬೇಕಾಗುತ್ತದೆ. ಎಲ್ಲೂ ಸಿಗದ ಭಾಗಗಳಿಗಾಗಿ ಒಂದು ಕಾರನ್ನೇ ಪೂರ್ತಿ ಬಿಚ್ಚುತ್ತಾರೆ. ಅದು ಇನ್ನು ಓಡುವುದಿಲ್ಲ. ಅದರ ಗಾಜು ಒಂದು ಊರಿಗೆ, ಗೇರ್ ಬಾಕ್ಸು ಇನ್ನೊಂದು ಊರಿಗೆ, ಬಾಗಿಲು ಮತ್ತೊಂದು ಊರಿಗೆ ಹೋಗಿ, ಸತ್ತೇ ಹೋದವೆಂದು ಬಿಟ್ಟಿದ್ದ ಮೂರು ಕಾರುಗಳು ರಸ್ತೆಗೆ ಬರುತ್ತವೆ. ಆ ಯುವಕ ಇದನ್ನು ಹೇಳಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಗಿನ ಬಲಿಪೂಜೆಯಲ್ಲಿ ರೊಟ್ಟಿಯನ್ನು ಕೈಗೆತ್ತಿಕೊಂಡು ಮುರಿದಾಗ ಅದೇ ಮಾತು ಮನಸ್ಸಿಗೆ ಬಂತು. ತಗಡಿನ ಗಾಡಿಯನ್ನು ಪರಮ ಪ್ರಸಾದದ ಪಕ್ಕದಲ್ಲಿಡುವುದೇ ಎಂದು ಕೆಲವರು ಮುನಿಯಬಹುದು. ನಮ್ಮ ಪ್ರಭು ಬೀಜ, ಹುಳಿಹಿಟ್ಟು, ಮೀನುಬಲೆ, ಹರಿದ ಬಟ್ಟೆಗೆ ಹಾಕುವ ತೇಪೆ ಇವನ್ನೆಲ್ಲ ಸ್ವರ್ಗಸಾಮ್ರಾಜ್ಯದ ಮಾತಿಗೆ ಬಳಸಿಕೊಂಡರು. ನೆಲಕ್ಕೆ ಬಿದ್ದು ಸಾಯದ ಗೋಧಿಕಾಳು ಒಂಟಿಯಾಗಿಯೇ ಉಳಿಯುತ್ತದೆ ಎಂದು ಕಲಿಸಿದವರಿಗೆ ಬಿಚ್ಚಿದ ಕಾರು ಅನ್ಯವಾಗಿ ಕಾಣಲಾರದು. ಮನೆಯಲ್ಲಿ ಸತ್ತುಹೋಗಿದೆ ಎಂದು ನಾವು ಕೈಬಿಟ್ಟದ್ದಕ್ಕೆ, ನಮ್ಮ ಶಕ್ತಿಯಿಂದ ಎಲ್ಲೂ ಸಿಗದ ತಾಳ್ಮೆಗೆ, ಕ್ಷಮೆಗೆ, ನಾವು ಭಾನುವಾರ ಪೀಠದ ಮುಂದೆ ಕೈಚಾಚುತ್ತೇವೆ. ಅಲ್ಲಿ ಒಬ್ಬರು ತಮ್ಮನ್ನೇ ಮುರಿದು ಕೊಟ್ಟಿದ್ದಾರೆ.

ಪಾಸ್ಕ ಹಬ್ಬ ಕಳೆಯಿತು. ಬೇರೆಯಾಗುವ ಮಾತು ಮತ್ತೆ ಏಳಲಿಲ್ಲವೆಂದು ಹಿರಿಯರು ಹೇಳಿದರು, ನಾನಾಗಿ ಕೇಳಿರಲಿಲ್ಲ. ಮೊನ್ನೆ ಇಬ್ಬರೂ ಊರಿಗೆ ಬಂದವರು ಪೂಜೆ ಮುಗಿದ ಮೇಲೆ ಗುರುಮನೆಯ ಕಡೆ ಬಂದರು, ಬಸ್ಸಿನಲ್ಲಿ ಬಂದಿದ್ದರು. ಗಾಡಿ ಎಲ್ಲಪ್ಪ ಎಂದೆ. ಮುಂದಿನ ಗಾಜು ಇನ್ನೂ ಸಿಕ್ಕಿಲ್ಲ, ಗೋವಾ ಕಡೆ ಒಬ್ಬರ ಹತ್ತಿರ ಇದೆಯಂತೆ, ಬರೆದಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ ಎಂದರು. ಹಾಗೆ ಹೇಳಿದವಳು ಹೆಂಡತಿ.